ಫೋನ್ ಸಿಗ್ನಲ್ ಬಿಡಿ, ಬ್ಯಾಟರಿ ನೋಡ್ಕೊಳ್ಳಿ: ವಿಮಾನಕ್ಕೆ ಗ್ಯಾಜೆಟ್ ತಗೊಂಡ್ ಹೋಗೋದು ಹೇಗೆ

2008ರ ಅಕ್ಟೋಬರ್ 7, ಸಿಂಗಾಪುರದಿಂದ ಪರ್ತ್‌ಗೆ ಹೊರಟಿದ್ದ ಕ್ವಾಂಟಾಸ್ 72 ವಿಮಾನ 37,000 ಅಡಿ ಮೇಲೆ ಆರಾಮಾಗಿ ಹೋಗ್ತಿತ್ತು. ಇದ್ದಕ್ಕಿದ್ದಂಗೆ ಮೂಗು ಕೆಳಗೆ ಮಾಡಿ ಸುಮಾರು 650 ಅಡಿ ಇಳಿದೇಬಿಡ್ತು, ಬೆಲ್ಟ್ ಹಾಕದೇ ಕೂತಿದ್ದೋರು ಸೀಟಿಂದ ಎಗರಿ ಮೇಲಿನ ಚಾವಣಿಗೆ ಹೊಡ್ಕೊಂಡ್ರು, ಸಾವರಿಸ್ಕೊಳ್ಳೋ ಅಷ್ಟರಲ್ಲಿ ಇನ್ನೊಂದ್ ಸಲ ಹಂಗೇ ಆಯ್ತು. ಪಶ್ಚಿಮ ಆಸ್ಟ್ರೇಲಿಯಾದ ಲಿಯರ್ಮಂತ್‌ನಲ್ಲಿ ತುರ್ತಾಗಿ ಇಳಿಸಿದ್ರು. ಯಾರೂ ಸಾಯ್ಲಿಲ್ಲ, ಆದ್ರೆ 110 ಜನ ಪ್ರಯಾಣಿಕರು, 9 ಜನ ಸಿಬ್ಬಂದಿಗೆ ಪೆಟ್ಟಾಯ್ತು.

ಆಮೇಲೆ ಏನಾಗತ್ತೆ ಹೇಳಿ, ಎಲ್ಲರ ಕಣ್ಣು ಪ್ರಯಾಣಿಕರ ಲ್ಯಾಪ್‌ಟಾಪ್, ಫೋನ್ ಮೇಲೆ. ಯಾರೋ ಏನೋ ಆನ್ ಮಾಡಿರ್ಬೇಕು ಅಂತ. ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ಮೂರು ವರ್ಷ ಕೂತು ನೋಡ್ತು, ಪ್ರಯಾಣಿಕರ ಗ್ಯಾಜೆಟ್ಟೂ ನೋಡ್ತು, ಹತ್ತಿರದಲ್ಲಿದ್ದ ನೌಕಾಪಡೆಯ ರೇಡಿಯೋ ಕೇಂದ್ರಾನೂ ನೋಡ್ತು, ಎರಡೂ ಕಾರಣ ಆಗಿರೋ ಸಾಧ್ಯತೆ ತೀರಾ ಕಮ್ಮಿ ಅಂತ 2011ರ ಡಿಸೆಂಬರ್‌ನ ವರದಿಯಲ್ಲಿ ಬರೀತು. ಕೆಟ್ಟಿದ್ದು ವಿಮಾನದ್ದೇ ಒಂದು ಡೇಟಾ ಯೂನಿಟ್ಟು, ಅದು ತಪ್ಪು ಲೆಕ್ಕ ಕೊಡ್ತಾ ಹೋಯ್ತು, ಫ್ಲೈಟ್ ಕಂಪ್ಯೂಟರ್ ಅದನ್ನ ನಂಬಿ ಮೂಗು ಇಳಿಸ್ತು.

ಇದನ್ನ ಯಾಕೆ ಹೇಳ್ದೆ ಅಂದ್ರೆ ನಮ್ಮ ಜನ ಇವತ್ತಿಗೂ ತಪ್ಪು ಕಡೆ ಹೆದರ್ತಾರೆ. ಪಕ್ಕದ ಸೀಟಿನೋನು ಏರೋಪ್ಲೇನ್ ಮೋಡ್ ಹಾಕ್ಲಿಲ್ಲ ಅಂತ ಕಣ್ಣು ಕೆಂಪು ಮಾಡ್ತಾರೆ, ತಮ್ಮ ಊದಿರೋ ಪವರ್ ಬ್ಯಾಂಕ್ ಮಾತ್ರ ಸೀಟಿನ ಮೇಲೆ ಸಾಮಾನಿಡೋ ಬಿನ್‌ನಲ್ಲಿ ಜಾಕೆಟ್ ಕೆಳಗೆ ತುರುಕಿರ್ತಾರೆ. ಇವತ್ತು ಗಾಬರಿ ಆಗ್ಬೇಕಾಗಿರೋದು ಆ ಪವರ್ ಬ್ಯಾಂಕ್ ನೋಡಿ.

2025ರ ಜನವರಿ 28ಕ್ಕೆ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹಾಂಗ್‌ಕಾಂಗ್‌ಗೆ ಹೊರಡ್ಬೇಕಿದ್ದ ಏರ್ ಬುಸಾನ್ ವಿಮಾನ ನಿಂತಲ್ಲೇ ಸುಟ್ಟುಹೋಯ್ತು, ಬೆಂಕಿ ಶುರುವಾಗಿದ್ದು ಮೇಲಿನ ಬಿನ್‌ನಲ್ಲಿ, ಪವರ್ ಬ್ಯಾಂಕಿಂದ ಆಗಿರ್ಬಹುದು ಅಂತ ತನಿಖೆಯೋರು ಹೇಳಿದ್ರು. ಒಳಗಿದ್ದ 176 ಜನಾನೂ ಬಚಾವಾದ್ರು, ವಿಮಾನ ಇನ್ನೂ ನೆಲದ ಮೇಲಿದ್ದಿದ್ದು ಪುಣ್ಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮಲ್ಲೂ ಆಯ್ತು, ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ಇಂಡಿಗೋ ವಿಮಾನ ರನ್‌ವೇ ಕಡೆ ಹೋಗ್ತಿರ್ಬೇಕಾದ್ರೆ ಸೀಟ್ ಹಿಂದಿನ ಜೇಬಲ್ಲಿದ್ದ ಪವರ್ ಬ್ಯಾಂಕ್ ಹೊತ್ಕೊಂಡ್ತು, ಸಿಬ್ಬಂದಿ ಆರಿಸಿದ್ರು, ವಿಮಾನ ವಾಪಸ್ ಬಂತು. ಸರಿ, ಈಗ ನಾವೇನು ಮಾಡ್ಬೇಕು ಅನ್ನೋದಕ್ಕೆ ಬರೋಣ, ಮನೆಯಿಂದಾನೇ ಶುರು.

ಮೊದಲು: ಹಿಂದಿನ ರಾತ್ರಿ, ಪ್ಯಾಕ್ ಮಾಡೋವಾಗ

ಎಲ್ಲಾ ಬ್ಯಾಟರಿ ಐಟಂ ಮೇಜಿನ ಮೇಲೆ ಹಾಕಿ. ಫೋನು, ಲ್ಯಾಪ್‌ಟಾಪು, ಪವರ್ ಬ್ಯಾಂಕು, ಕ್ಯಾಮೆರಾದ ಎಕ್ಸ್‌ಟ್ರಾ ಬ್ಯಾಟರಿ, ಟ್ರಿಮ್ಮರ್ರು, ಎಲ್ಲಾ. ಪವರ್ ಬ್ಯಾಂಕನ್ನ ಸಮತಟ್ಟಾದ ಜಾಗದಲ್ಲಿಟ್ಟು ಬೆರಳಲ್ಲಿ ಒತ್ತಿ ನೋಡಿ, ಅಲ್ಲಾಡಿದ್ರೆ, ಹೊಟ್ಟೆ ಬಂದಿದ್ರೆ, ಜಾಯಿಂಟ್ ಬಿಟ್ಟಿದ್ರೆ ಅದು ಹೋಗೋದು ಇ-ತ್ಯಾಜ್ಯಕ್ಕೆ, ಏರ್‌ಪೋರ್ಟ್‌ಗಲ್ಲ. ಒಂದ್ ಸಲ ಜೋರಾಗಿ ಕೆಳಗೆ ಬಿದ್ದಿದ್ದು, ಚಾರ್ಜ್ ಮಾಡೋವಾಗ ಕೈ ಸುಡೋ ಅಷ್ಟು ಬಿಸಿಯಾಗೋದು, ಅದೂ ಬೇಡ. ದುಡ್ಡು ಕೊಟ್ಟಿದೀನಿ ಅಂತ ಸಂಕಟ ಆಗತ್ತೆ, ಆಗ್ಲಿ.

ಆಮೇಲೆ ಲೆಕ್ಕ. ವಿಮಾನದೋರಿಗೆ ಬೇಕಾಗಿರೋದು ಪವರ್ ಬ್ಯಾಂಕ್ ಮೇಲೆ ಬರ್ದಿರೋ ಎಂಎಎಚ್ (mAh) ಅಲ್ಲ, ವ್ಯಾಟ್ ಅವರ್ (Wh), ಅಂದ್ರೆ ಬ್ಯಾಟರಿ ಒಟ್ಟು ಎಷ್ಟು ಶಕ್ತಿ ಹಿಡಿಯತ್ತೆ ಅನ್ನೋ ಲೆಕ್ಕ. ಎಂಎಎಚ್‌ನ ಬ್ಯಾಟರಿ ವೋಲ್ಟೇಜಿಂದ ಗುಣಿಸಿ 1000ದಿಂದ ಭಾಗಿಸಿ. ವೋಲ್ಟೇಜ್ ಸಾಮಾನ್ಯವಾಗಿ 3.7, ಎಷ್ಟೋ ಜನ ಯುಎಸ್‌ಬಿ ಔಟ್‌ಪುಟ್‌ನ 5 ವೋಲ್ಟ್ ಹಿಡ್ಕೊಂಡು ಗುಣಿಸಿ ಸುಮ್ನೆ ಟೆನ್ಷನ್ ಮಾಡ್ಕೊಳ್ತಾರೆ. 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ಓಕೆ. 27,000 ಅಂದ್ರೆ 99.9, ಅಂಚಿನಲ್ಲಿ ಓಕೆ. 30,000 ಅಂದ್ರೆ 111, ಇದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು. 100ರ ತನಕ ಯಾರನ್ನೂ ಕೇಳ್ಬೇಕಾಗಿಲ್ಲ, 100ರಿಂದ 160 ಕೇಳಿ ತಗೊಂಡ್ ಹೋಗ್ಬೇಕು, ಅದೂ ಎರಡಕ್ಕಿಂತ ಜಾಸ್ತಿ ಬಿಡಲ್ಲ, 160 ದಾಟಿದ್ರೆ ಮನೇಲೇ ಬಿಡಿ. ಲ್ಯಾಪ್‌ಟಾಪ್ ಕಂಪನಿಯೋರಿಗೂ ಈ ಗಡಿ ಗೊತ್ತು, 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬ್ಯಾಟರಿ ನೋಡಿ, 100ರ ಗಡಿಗೇ ತಂದು ನಿಲ್ಸಿದಾರೆ. ಪವರ್ ಬ್ಯಾಂಕ್ ಮೇಲೆ ಪ್ರಿಂಟೇ ಅಳಿಸಿಹೋಗಿದ್ರೆ ಸೆಕ್ಯುರಿಟಿಯಲ್ಲಿ ನಿಮ್ಮ ಬಾಯಿ ಮಾತನ್ನ ಯಾರೂ ನಂಬಲ್ಲ.

ಬಿಡಿ ಬ್ಯಾಟರಿಗಳ ಲೋಹದ ತುದಿಗೆ ಟೇಪ್ ಹಚ್ಚಿ ಒಂದೊಂದನ್ನ ಬೇರೆ ಬೇರೆ ಕವರ್‌ಗೆ ಹಾಕಿ, ಕೀ ಗೊಂಚಲು, ಚಿಲ್ಲರೆ ಕಾಸಿನ ಜೊತೆ ಹಾಕ್ಬೇಡಿ, ಶಾರ್ಟ್ ಆಗತ್ತೆ.

ಯಾವ ಬ್ಯಾಗಿಗೆ?

ಪವರ್ ಬ್ಯಾಂಕು, ಬಿಡಿ ಬ್ಯಾಟರಿ ಕೈ ಬ್ಯಾಗಿಗೆ ಮಾತ್ರ, ಚೆಕ್-ಇನ್ ಬ್ಯಾಗಿಗೆ ಬೇಡವೇ ಬೇಡ. ಜನ ಕೇಳ್ತಾರೆ, ಅಪಾಯದ ವಸ್ತು ಅಂದ್ಮೇಲೆ ಕೆಳಗೆ ದೂರ ಇರೋದು ಒಳ್ಳೇದಲ್ವಾ, ನಮ್ಮ ಪಕ್ಕ ಯಾಕೆ ಇಟ್ಕೋಬೇಕು ಅಂತ. ನ್ಯಾಯವಾದ ಪ್ರಶ್ನೇನೇ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಸೆಲ್ ಕೆಟ್ಟು ಬಿಸಿಯಾದ್ರೆ ಆ ಬಿಸಿಗೆ ಪಕ್ಕದ್ದು, ಅದರ ಬಿಸಿಗೆ ಇನ್ನೊಂದು, ಪಟಾಕಿ ಸರದ ಥರ ಹೋಗತ್ತೆ. ಕೆಳಗಿನ ಸಾಮಾನು ಕೋಣೆಯಲ್ಲಿ ಬೆಂಕಿ ಆರಿಸೋಕೆ ಹ್ಯಾಲಾನ್ ಅನ್ನೋ ಗ್ಯಾಸ್ ಇರತ್ತೆ, ಅದು ಜ್ವಾಲೆ ಆರಿಸತ್ತೆ, ಆದ್ರೆ ಸೆಲ್ ಒಳಗಿನ ಬಿಸಿಯನ್ನ ತಣ್ಣಗೆ ಮಾಡಲ್ಲ. ಮೇಲೆ ಇದ್ರೆ ಹೊಗೆ ಬಂದ ನಿಮಿಷದಲ್ಲಿ ಯಾರಿಗಾದ್ರೂ ಕಾಣತ್ತೆ, ಸಿಬ್ಬಂದಿ ನೀರು ತರ್ತಾರೆ. ಯಾರೂ ಇಲ್ಲದ ಕಡೆ ಸರಕಿನ ಮಧ್ಯೆ ಹೊತ್ಕೊಂಡ್ರೆ ಏನಾಗಬಹುದು ಅನ್ನೋದಕ್ಕೆ 2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಬಿದ್ದ ಯುಪಿಎಸ್ 6 ಇದೆ, ಅದು ಸರಕು ವಿಮಾನ, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು ಕಾಕ್‌ಪಿಟ್ ತುಂಬಾ ಹೊಗೆ ತುಂಬ್ಕೊಂಡು ಇಬ್ಬರು ಪೈಲಟ್‌ಗಳೂ ತೀರ್ಕೊಂಡ್ರು.

ಲ್ಯಾಪ್‌ಟಾಪ್ ಕೂಡ ಕೈಯಲ್ಲೇ ಇರ್ಲಿ. ಚೆಕ್-ಇನ್‌ಗೆ ಹಾಕ್ಲೇಬೇಕು ಅಂದ್ರೆ ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ. ಸ್ಮಾರ್ಟ್ ಸೂಟ್‌ಕೇಸ್ ಆದ್ರೆ ಬ್ಯಾಟರಿ ಕಳಚಿ ಕೈಯಲ್ಲಿ ಹಿಡ್ಕೊಳ್ಳಿ. ಇ-ಸಿಗರೇಟ್ ವಿಷ್ಯ ಮಾತಾಡೋದೇ ಬೇಡ, ನಮ್ಮ ದೇಶದಲ್ಲಿ 2019ರಿಂದ ನಿಷೇಧ.

ಗೇಟ್ ಹತ್ರ ಒಂದು ಮೋಸ ಇದೆ

ಇಲ್ಲೇ ಎಲ್ಲರೂ ಎಡವೋದು. ಮೈಸೂರು ಕಡೆ ಹಾರೋ ಎಟಿಆರ್ ಥರದ ಚಿಕ್ಕ ವಿಮಾನದಲ್ಲಿ ಬಿನ್ ಪುಟ್ಟದು, ದೊಡ್ಡ ವಿಮಾನದಲ್ಲೂ ರಶ್ ಇದ್ರೆ ಹಂಗೇ, ಬಾಗಿಲ ಹತ್ರ ನಿಮ್ಮ ಟ್ರಾಲಿ ಇಸ್ಕೊಂಡು ಟ್ಯಾಗ್ ಹಾಕಿ ಕೆಳಗೆ ಕಳಿಸ್ತಾರೆ. ನೀವು ಮನೇಲಿ ನಿಯಮ ಪಾಲಿಸಿ ಕೈ ಬ್ಯಾಗಲ್ಲಿ ಇಟ್ಟಿದ್ದ ಪವರ್ ಬ್ಯಾಂಕ್ ಈಗ ನಿಮಗೇ ಗೊತ್ತಿಲ್ಲದೇ ಸಾಮಾನು ಕೋಣೆಗೆ ಹೋಯ್ತು! ಅದಕ್ಕೆ ಬ್ಯಾಟರಿ ಐಟಂ ಎಲ್ಲಾ ಒಂದೇ ಸಣ್ಣ ಪೌಚಲ್ಲಿ ಟ್ರಾಲಿಯ ಮೇಲುಗಡೆ ಇಡಿ, ಬ್ಯಾಗ್ ಕೊಡಿ ಅಂದ ತಕ್ಷಣ ಪೌಚ್ ಎತ್ಕೊಳ್ಳಿ, ಹಿಂದೆ ಲೈನಲ್ಲಿ ನಿಂತೋರು ಗೊಣಗ್ತಾರೆ, ಗೊಣಗ್ಲಿ.

ಸೀಟಲ್ಲಿ ಕೂತ ಮೇಲೆ

ಆ ಪೌಚ್ ಬಿನ್‌ಗೆ ಬೇಡ, ಮುಂದಿನ ಸೀಟಿನ ಕೆಳಗೆ ಅಥವಾ ಕಣ್ಣಿಗೆ ಕಾಣೋ ಕಡೆ ಇರ್ಲಿ. 2025ರ ನವೆಂಬರ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಹೊರಡಿಸಿದ ಸುತ್ತೋಲೆ ಕೂಡ ಇದನ್ನೇ ಹೇಳಿದೆ, ಪವರ್ ಬ್ಯಾಂಕು, ಬಿಡಿ ಬ್ಯಾಟರಿ ಬಿನ್‌ನಲ್ಲಿ ಇಡೋ ಹಂಗಿಲ್ಲ. ಹಾರಾಟದಲ್ಲಿ ಪವರ್ ಬ್ಯಾಂಕಿಂದ ಫೋನ್ ಚಾರ್ಜ್ ಮಾಡೋದೂ ಬಿಡಿ, ಹೊರಡೋ ಮುಂಚೆನೇ ನಿಲ್ದಾಣದಲ್ಲಿ ಚಾರ್ಜ್ ಮಾಡ್ಕೊಳ್ಳಿ.

ಏರೋಪ್ಲೇನ್ ಮೋಡ್ ಹಾಕ್ಲೇಬೇಕಾ? ಹಾಕಿ. ಒಂದು ಫೋನಿಂದ ವಿಮಾನ ಬೀಳಲ್ಲ, ಆದ್ರೆ ಪೈಲಟ್ ಹೆಡ್‌ಸೆಟ್‌ನಲ್ಲಿ ಝರ್ರ್ ಅಂತ ಸದ್ದು ಬರಬಹುದು, ಇಳಿಯೋ ಹೊತ್ತಲ್ಲಿ ಅದು ಕಿರಿಕಿರಿ. ಅಲ್ಲದೆ ಟವರ್ ಸಿಗದೇ ಫೋನ್ ಹುಡುಕಿ ಹುಡುಕಿ ಚಾರ್ಜ್ ಖಾಲಿ ಮಾಡತ್ತೆ.

ಬೆಲ್ಟ್ ಮಾತ್ರ ಕೂತಿರೋ ತನಕ ಹಾಕ್ಕೊಂಡೇ ಇರಿ, ಲೈಟ್ ಆರಿದ್ರೂ. ಕ್ವಾಂಟಾಸ್ 72ರಲ್ಲಿ 60ಕ್ಕೂ ಹೆಚ್ಚು ಜನ ಸೀಟಲ್ಲಿ ಕೂತೇ ಇದ್ರು, ಬೆಲ್ಟ್ ಹಾಕಿರ್ಲಿಲ್ಲ ಅಷ್ಟೇ. ಲ್ಯಾಪ್‌ಟಾಪ್ ಕೂಡ ಟೇಕಾಫ್, ಲ್ಯಾಂಡಿಂಗ್‌ನಲ್ಲಿ ಒಳಗಿಡಿ, ವಿಮಾನ ಕುಸಿದ್ರೆ ಅದು ಯಾರದ್ದೋ ತಲೆಗೆ.

ಫೋನ್ ಸೀಟ್ ಸಂದಿಗೆ ಬಿತ್ತು, ಈಗ?

ಸೀಟ್ ಅಲ್ಲಾಡಿಸ್ಬೇಡಿ. ಹಿಂದೆ ಮುಂದೆ ಮಾಡಿ ಹುಡುಕೋಕೆ ಹೋದ್ರೆ ಒಳಗಿನ ಕಬ್ಬಿಣಕ್ಕೆ ಸಿಕ್ಕಿ ಫೋನ್ ನಜ್ಜುಗುಜ್ಜಾಗತ್ತೆ, ನಜ್ಜಾದ ಬ್ಯಾಟರಿ ಹೊತ್ಕೊಳ್ಳತ್ತೆ. ಬೆಲ್ ಒತ್ತಿ ಸಿಬ್ಬಂದಿ ಕರೀರಿ, ನಾಚ್ಕೊಳ್ಳೋದೇನಿಲ್ಲ, ಅವರಿಗೆ ಇದು ಟ್ರೇನಿಂಗಲ್ಲೇ ಹೇಳ್ಕೊಟ್ಟಿರ್ತಾರೆ.

ಹೊಗೆ ಬಂದ್ರೆ

ಫೋನ್ ಸುಡ್ತಿದೆ, ಊದ್ತಿದೆ, ವಿಚಿತ್ರ ವಾಸನೆ ಬರ್ತಿದೆ ಅಂದ್ರೆ ಹೊಗೆ ಬರೋ ತನಕ ಕಾಯ್ಬೇಡಿ, ಆಗ್ಲೇ ಕೂಗಿ. ಚಾರ್ಜಲ್ಲಿದ್ದು ಕೇಬಲ್ ಸುರಕ್ಷಿತವಾಗಿ ಸಿಕ್ಕಿದ್ರೆ ಕಿತ್ತಾಕಿ. ಬೆಂಕಿ ಹತ್ತಿರೋದನ್ನ ಕೈಯಲ್ಲಿ ಎತ್ತಿ ಓಡ್ಬೇಡಿ, ಕಂಬಳಿ ಮುಚ್ಚಬೇಡಿ, ಐಸ್ ಹಾಕ್ಬೇಡಿ, ಮುಚ್ಚಿದ್ರೆ ಬಿಸಿ ಒಳಗೇ ಉಳಿಯತ್ತೆ. ಸಿಬ್ಬಂದಿ ಮೊದಲು ಜ್ವಾಲೆ ಆರಿಸಿ, ಆಮೇಲೆ ನೀರು ಅಥವಾ ಆಲ್ಕೋಹಾಲ್ ಇಲ್ಲದ ಪಾನೀಯ ಸುರೀತಾನೇ ಇರ್ತಾರೆ, ಬೆಂಕಿ ಆರಿದ ಮೇಲೂ ಯಾಕೆ ಸುರೀತಿದಾರೆ ಅಂತ ಅನ್ಕೋಬೇಡಿ, ತಣ್ಣಗೆ ಆಗದಿದ್ರೆ ಮತ್ತೆ ಹತ್ಕೊಳ್ಳತ್ತೆ. ನೀವು ಜಾಗ ಬಿಟ್ಟು ದೂರ ಸರೀರಿ, ತಲೆ ತಗ್ಗಿಸಿ ಬಟ್ಟೆ ಮೂಗಿಗೆ ಹಿಡ್ಕೊಳ್ಳಿ, ವಿಡಿಯೋ ಆಮೇಲೆ ಮಾಡಿದ್ರೆ ಆಯ್ತು. ಇಳಿದು ಓಡಿ ಅಂದ್ರೆ ಬ್ಯಾಗ್ ಎತ್ಕೊಳ್ಳೋಕೆ ನಿಲ್ಬೇಡಿ.

ವಿದೇಶಕ್ಕೆ ಹೋಗೋರು ಆಯಾ ಏರ್‌ಲೈನ್ ಸೈಟಲ್ಲಿ ಹೊರಡೋ ವಾರ ಒಮ್ಮೆ ನೋಡ್ಕೊಳ್ಳಿ, ನಿಯಮ ಬದಲಾಗ್ತಾನೇ ಇದೆ. ಬೆಂಗಳೂರಿಂದ ದುಬೈಗೆ ಹೋಗೋ ಎಮಿರೇಟ್ಸ್‌ನಲ್ಲಿ 2025ರ ಅಕ್ಟೋಬರ್ 1ರಿಂದ ತಲೆಗೆ ಒಂದೇ ಪವರ್ ಬ್ಯಾಂಕ್, ಅದೂ ಬಳಸೋ ಹಂಗಿಲ್ಲ. ಚೀನಾ ಒಳಗೆ ಓಡಾಡೋ ವಿಮಾನಗಳಿಗೆ 2025ರ ಜೂನ್ 28ರಿಂದ 3ಸಿ ಮಾರ್ಕ್ (ಚೀನಾದ ಸುರಕ್ಷತಾ ಮುದ್ರೆ) ಇಲ್ಲದ ಪವರ್ ಬ್ಯಾಂಕ್ ಬಿಡಲ್ಲ, ಇಲ್ಲಿಂದ ಒಯ್ದಿದ್ದಕ್ಕೆ ಆ ಮಾರ್ಕ್ ಇದೆಯಾ ಅಂತ ಹೊರಡೋ ಮುಂಚೆ ತಿರುಗಿಸಿ ನೋಡಿ, ಇಲ್ಲಾಂದ್ರೆ ಅಲ್ಲಿ ಸೆಕ್ಯುರಿಟಿ ಡಬ್ಬಕ್ಕೆ ಹಾಕಿ ಬರ್ಬೇಕಾಗತ್ತೆ.