ಟ್ರೇಲರ್ ಚಾವಣಿ ಸೋರ್ತಿದ್ಯಾ? ಮೊದಲು ಹಳೇ ಸಿಲಿಕಾನ್ ಕೆರೀರಿ

ದಾವಣಗೆರೆ ಗೆಳೆಯರೇ, ಮುಂಗಾರಿಗೆ ಮುಂಚೆ ಒಂದು ಮಾತು. ನಮ್ಮ ದೋಸೆ ಟ್ರೇಲರ್‌ನಲ್ಲಿ ನೀರು ತೊಟ್ಟಿಕ್ಕಿದ್ದು ಕಾವಲಿ ಮೇಲೆ. ತೂತು ಇದ್ದದ್ದು ಮೂರಡಿ ಆಚೆ, ಫ್ಯಾನ್ ಚೌಕಟ್ಟಿನ ಸ್ಕ್ರೂ ಹತ್ರ! ಹಾಗಾಗಿ ಒಬ್ಬರು ಒಳಗೆ ಕೂತು ನೋಡ್ಲಿ, ಇನ್ನೊಬ್ಬರು ತಗ್ಗಿನ ಕಡೆಯಿಂದ ಮೇಲಕ್ಕೆ ಪೈಪಲ್ಲಿ ನೀರು ಬಿಡ್ಲಿ.

ಸಂದಿಗೆ ಬಳಿದ ಹಳೇ ಸಿಲಿಕಾನ್ ಅಂಟಿನ ಮೇಲೆ ಹೊಸದು ಬಳಿದ್ರೆ ದುಡ್ಡು ದಂಡ, ಹಿಡಿಯಲ್ಲ. ನಾನೂ ಒಂದು ಟ್ಯೂಬ್ ಹಾಳು ಮಾಡ್ಕೊಂಡೆ. ಪೂರ್ತಿ ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಹೊಡೀರಿ. ಒಣಗಿದ ಮೇಲೆ ಚೌಕಟ್ಟಿನಡಿ ಬ್ಯುಟೈಲ್ ಟೇಪ್ (ಮೆತ್ತನೆ ಅಂಟು ರಬ್ಬರ್ ಪಟ್ಟಿ) ಇಟ್ಟು ಸ್ಕ್ರೂ ಬಿಗಿ ಮಾಡಿ. ಅಂಚಿಗೂ ಸ್ಕ್ರೂ ತಲೆಗೂ ಪಿಯು (ಪಾಲಿಯುರೇಥೇನ್) ಸೀಲೆಂಟ್, ಅಂದ್ರೆ ಸಂದಿ ಮುಚ್ಚೋ ಅಂಟು, ಬಳೀರಿ. ಹುಳಿ ವಾಸನೆಯ ಸಿಲಿಕಾನ್ ತಗಡಿಗೆ ಬೇಡ, ತುಕ್ಕು ಹಿಡಿಸುತ್ತೆ. ಸಿಮೆಂಟಂತೂ ಬೇಡವೇ ಬೇಡ, ನಮ್ಮೂರ ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತೆ.