ಹೆಬ್ಬೆಟ್ಟಿಗಿಂತ ಮೊದಲು ಬಸ್ಸಿನ ದುಡ್ಡು

ಬಡವರು ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಚಿಕಿತ್ಸೆಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನಕ್ಕೆ, ಒಪ್ಪುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಟ್ರಯಲ್ ಕೋ-ಆರ್ಡಿನೇಟರ್ ಆಗಿ ನಾನು ಕಂಡದ್ದೆಂದರೆ, ಅವರಲ್ಲಿ ಬಹಳ ಮಂದಿಯನ್ನು ಯಾರೂ ಕೇಳಿಯೇ ಇರುವುದಿಲ್ಲ. ‘ದೂರದ ಊರು, ಓದು ಬಾರದು, ಮತ್ತೆ ಬರಲಾರರು’ ಎಂದು ಮೊದಲೇ ಕೈಬಿಟ್ಟಿರುತ್ತಾರೆ. ಅರ್ಹರಾದ ಪ್ರತಿಯೊಬ್ಬರನ್ನೂ ಕೇಳಲೇಬೇಕೆಂದು ನಾನು ಹಟ ಹಿಡಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಟ್ರಯಲ್ ಒಂದರಲ್ಲಿ ನಿವೊಲುಮ್ಯಾಬ್ ಎಂಬ ದುಬಾರಿ ಕ್ಯಾನ್ಸರ್ ಔಷಧಿಯನ್ನು ಪೂರ್ಣ ಡೋಸ್‌ಗಿಂತ ಬಹಳ ಕಡಿಮೆ, ಬರೀ 20 ಮಿಲಿಗ್ರಾಂ, ಬೇರೆ ಔಷಧಿಗಳ ಜೊತೆ ಸೇರಿಸಿದಾಗ, ಮುಂದುವರಿದ ತಲೆ-ಕತ್ತಿನ ಕ್ಯಾನ್ಸರ್ ಇದ್ದವರಲ್ಲಿ ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಪೂರ್ಣ ಡೋಸ್ ಕೊಳ್ಳಲಾಗದವರನ್ನು ಹೊರಗಿಟ್ಟರೆ ಇಂಥ ಪ್ರಶ್ನೆಗಳಿಗೆ ಉತ್ತರ ಎಲ್ಲಿಂದ ಬರಬೇಕು?

ಕೇಳಿದರೆ ಅವರ ಮೊದಲ ಚಿಂತೆ ಕೂಲಿಯದು. ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಆದರೆ ಬಾಯಿ ಕ್ಯಾನ್ಸರ್‌ನವರಲ್ಲಿ ಗಂಡಸರೇ ಹೆಚ್ಚು. ಪ್ರಯಾಣ ಭತ್ಯೆಗೆ ತಿಂಗಳುಗಟ್ಟಲೆ ಕಾಯಬೇಕೆಂದರೆ ಅದು ಇದ್ದೂ ಇಲ್ಲದಂತೆ. ಟ್ರಯಲ್‌ನಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು, ಆ ದುಡ್ಡು ಅದೇ ದಿನ ಕೈಗೆ ಸಿಗುವಂತೆ ಮಾಡಿಸಿದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿದ್ದ ಮಾತ್ರಕ್ಕೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತು ಓದಿ ಹೇಳುತ್ತೇನೆ. ಹೆಬ್ಬೆಟ್ಟು ಒತ್ತುವವರಿದ್ದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಗಿರಬೇಕು. ರಾಯಚೂರು ಕಡೆಯ ಒಬ್ಬ ತಾಯಿ ಕೇಳಿದರು: “ಹೊಸ ಔಷಧಿ ನನಗೆ ಬರದಿದ್ದರೆ ಬರೀ ನೀರು ಕೊಡುತ್ತೀರಾ?”

“ಇಲ್ಲಮ್ಮ, ಈಗ ಎಲ್ಲರಿಗೂ ಕೊಡುವ ಚಿಕಿತ್ಸೆ ನಿಮಗೂ ಸಿಗುತ್ತದೆ. ಹೊಸದು ಯಾರಿಗೆ ಎಂಬುದನ್ನು ಡಾಕ್ಟರೂ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ, ಕಂಪ್ಯೂಟರ್ ಆರಿಸುತ್ತದೆ.”

ಆಮೇಲೆ, “ಮಗನಿಗೆ ಇದನ್ನು ಹೇಗೆ ಹೇಳುತ್ತೀರಿ?” ಎಂದು ಕೇಳಿದೆ. ಚೀಟಿಯ ವಿಷಯ ಸರಿಯಾಗಿ ಹೇಳಿದರು. ಅಡ್ಡಪರಿಣಾಮ ಹೇಳಿದರು. ‘ಬೇಡ’ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನು ಬಿಟ್ಟಿದ್ದರು. ಅದನ್ನು ಮತ್ತೆ ಹೇಳಿ, ಪತ್ರವನ್ನು ಕೊಟ್ಟು ಊರಿಗೆ ಕಳಿಸಿದೆ. ಆ ಒಂದು ಮಾತು ಮನಸ್ಸಿಗೆ ಇಳಿಯದೆ ನಾನು ಯಾರ ಹೆಬ್ಬೆಟ್ಟನ್ನೂ ತೆಗೆದುಕೊಳ್ಳುವುದಿಲ್ಲ.

ಸೇರಿದವರು ಕೊನೆಯವರೆಗೂ ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮಾತ್ರೆಯ ಡೈರಿಯಲ್ಲಿ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಹಾಕಿಸಿದೆವು. ರೀಚಾರ್ಜ್ ಮುಗಿದು ಮೊಬೈಲ್ ಸುಮ್ಮನಾಗುತ್ತದೆ, ಅದಕ್ಕೆ ರೋಗಿಯ ಒಪ್ಪಿಗೆಯ ಮೇಲೆ ನಂಟರ ನಂಬರನ್ನೂ ಬರೆದುಕೊಳ್ಳುತ್ತೇನೆ. ಈಗ ಡಾಕ್ಟರರನ್ನು ಬೆನ್ನುಹತ್ತಿರುವುದು ರಕ್ತಪರೀಕ್ಷೆಗಾಗಿ. ಅದನ್ನು ರೋಗಿಯ ಜಿಲ್ಲೆಯಲ್ಲೇ ಮಾಡಿಸಲು ಟ್ರಯಲ್ ಹೇಗೆ ನಡೆಯಬೇಕೆಂಬ ಲಿಖಿತ ಯೋಜನೆಯನ್ನು, ಅಂದರೆ ಪ್ರೊಟೊಕಾಲ್ ಅನ್ನು, ಬರೆಯುವಾಗಲೇ ಅವಕಾಶವಿಡಬೇಕು, ಶುರುವಾದ ಮೇಲೆ ಬದಲಿಸಬೇಕೆಂದರೆ ಮತ್ತೆ ಸಮಿತಿಯ ಮುಂದೆ ಹೋಗಬೇಕು.