ನೂರಕ್ಕೆ ನೂರು ಬಂದಿತ್ತು, ಡೇಟ್ ಮಾತ್ರ ಒತ್ತಲು ಆಗುತ್ತಿರಲಿಲ್ಲ

ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಕೊಡುವ ಮೊದಲು ಕ್ರೋಮ್‌ನಲ್ಲಿ ಲೈಟ್‌ಹೌಸ್ ಓಡಿಸಿದೆ. ಅಂಗವಿಕಲರೂ ಪುಟ ಬಳಸಬಹುದಾ ಎಂದು ತಾನೇ ನೋಡಿ ನೂರಕ್ಕೆ ಅಂಕ ಕೊಡುವ ಟೂಲ್ ಅದು. ರೂಮ್ ಬಾಡಿಗೆಯ ಅಕ್ಷರ ತೀರಾ ಮಸುಕು ಎಂದಿತು. ಬಿಳಿ ಮೇಲೆ 999 ಎಂಬ ಕೋಡ್‌ನ ಬೂದು ಬಣ್ಣ, ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸ) 2.85. ಬೇಕಾದದ್ದು 4.5. ಪುಟದ ಕೋಡ್ ಬಿಚ್ಚಿ ತೋರಿಸುವ ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಬಣ್ಣದ ಚೌಕ ಒತ್ತಿದರೆ ಈ ಲೆಕ್ಕ ಅಲ್ಲೇ ಕಾಣುತ್ತದೆ. ಬಣ್ಣವನ್ನು ಇನ್ನಷ್ಟು ಗಾಢವಾದ 767676ಕ್ಕೆ ತಂದೆ, 4.54 ಆಯಿತು. ಮತ್ತೆ ಓಡಿಸಿದರೆ ನೂರಕ್ಕೆ ನೂರು! ಸ್ಕ್ರೀನ್‌ಶಾಟ್ ತೆಗೆದು ಓನರ್ ಅಕ್ಕನಿಗೆ ವಾಟ್ಸಾಪ್ ಕೂಡ ಮಾಡಿದೆ.

ಎರಡು ವಾರ ಆದ ಮೇಲೆ ಅವರ ಫೋನ್. "ಕಣ್ಣು ಕಾಣದ ಗೆಸ್ಟ್ ಒಬ್ರು ಕಾಲ್ ಮಾಡಿದ್ರಪ್ಪ. ಡೇಟ್ ಒತ್ತೋಕೇ ಆಗ್ತಿಲ್ವಂತೆ. ಸ್ವಲ್ಪ ನೋಡ್ತೀಯಾ?"

ಅವತ್ತು ಜೋರು ಮಳೆ, ಕರೆಂಟ್ ಬೇರೆ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ನೋಡೋಣ ಎಂದು ಕೂತೆ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀ ಒತ್ತುತ್ತಾ ಹೋದೆ. ಹೆಸರು, ಫೋನ್ ನಂಬರ್, ಆಮೇಲೆ ಸೀದಾ 'ಬುಕ್ ಮಾಡಿ'. ನಡುವಿನ ಕ್ಯಾಲೆಂಡರ್ ಲೆಕ್ಕಕ್ಕೇ ಇಲ್ಲ.

ಕ್ಯಾಲೆಂಡರ್‌ನ 15ನೇ ತಾರೀಕಿನ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಕೊಟ್ಟು, ಆಕ್ಸೆಸಿಬಿಲಿಟಿ ಟ್ಯಾಬ್ ತೆರೆದೆ. ರೋಲ್ ಎಂಬಲ್ಲಿ 'ಜೆನೆರಿಕ್' ಎಂದಿತ್ತು. ಅಂದರೆ ಅದು ಬಟನ್ ಎಂದು ಬ್ರೌಸರ್‌ಗೇ ಗೊತ್ತಿಲ್ಲ. ನಾನು ಸುಮ್ನೆ ಒಂದು ಡಿವ್‌ಗೆ, ಅಂದರೆ ಬರೀ ಖಾಲಿ ಡಬ್ಬಕ್ಕೆ, ಕ್ಲಿಕ್ ಮಾಡಿದರೆ ಕೆಲಸ ಮಾಡುವ ಆನ್‌ಕ್ಲಿಕ್ ಕೋಡ್ ಅಂಟಿಸಿಬಿಟ್ಟಿದ್ದೆ. ಇಂಥ ತಪ್ಪು ಹುಡುಕುವ ಇನ್ನೊಂದು ಟೂಲ್, ಆಕ್ಸ್ ಎಕ್ಸ್‌ಟೆನ್ಷನ್ ಹಾಕಿ ನೋಡಿದೆ, ಅದೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ಲೈಟ್‌ಹೌಸ್ ಒಳಗೆ ಓಡುವುದೂ ಅದೇ ಆಕ್ಸ್. ಒಂದೇ ತಕ್ಕಡಿಯಲ್ಲಿ ಎರಡು ಸಲ ತೂಗಿದ ಹಾಗೆ.

ಡಿವ್ ತೆಗೆದು ಬಟನ್ ಹಾಕಿದೆ. 'ಆಗಸ್ಟ್ 15, ಶುಕ್ರವಾರ, ರೂಮ್ ಖಾಲಿ ಇದೆ' ಎಂದು ಲೇಬಲ್ ಕೊಟ್ಟೆ. ಮೊದಲು ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು, ಅಷ್ಟೇ ಇತ್ತು. ಡೆವ್‌ಟೂಲ್ಸ್‌ನ ರೆಂಡರಿಂಗ್ ಟ್ಯಾಬ್‌ನಲ್ಲಿ ಬಣ್ಣ ಕಾಣದವರ ನೋಟ ಆನ್ ಮಾಡಿದರೆ ಎರಡೂ ಒಂದೇ ಬೂದು.

ಇನ್ನೂ ನಾಚಿಕೆಯಾದದ್ದು ಎನ್‌ವಿಡಿಎ ಹಾಕಿದಾಗ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ, ವಿಂಡೋಸ್‌ಗೆ ಪುಕ್ಕಟೆ ಸಿಗುವ ಸ್ಕ್ರೀನ್ ರೀಡರ್ ಅದು. ನನ್ನ ಕನ್ನಡ ಪುಟವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡವರಿಸಿತು. ಟೆಂಪ್ಲೇಟ್‌ನಲ್ಲಿ ಭಾಷೆಯ ಕೋಡ್ 'ಇಎನ್', ಅಂದರೆ ಇಂಗ್ಲಿಷ್, ಎಂದೇ ಉಳಿದಿತ್ತು. ಕೋಡ್ ಬರೆದಿದೆಯಾ, ಅಂಥ ಕೋಡ್ ಇದೆಯಾ ಎಂದಷ್ಟೇ ಲೈಟ್‌ಹೌಸ್ ನೋಡುತ್ತದೆ, ಪುಟದ ಭಾಷೆಗೆ ಹೊಂದುತ್ತದಾ ಎಂದು ಅಲ್ಲ. ಅದನ್ನು ಕನ್ನಡದ 'ಕೆಎನ್' ಮಾಡಿ, ಎನ್‌ವಿಡಿಎಯಲ್ಲಿ ಕನ್ನಡ ಓದಬಲ್ಲ ಇ-ಸ್ಪೀಕ್ ದನಿ ಆರಿಸಿದೆ. ಯಂತ್ರದ ದನಿಯೇ, ಆದರೂ ಕಡಂಬುಟ್ಟು, ಪಂದಿ ಕರಿ ಎಲ್ಲ ಅರ್ಥವಾಗುವಂತೆ ಓದಿತು.

ಈಗ ನಾನು ಮೊದಲು ಟ್ಯಾಬ್ ಕೀ, ಆಮೇಲೆ ಎನ್‌ವಿಡಿಎ ಹಿಡಿಯುತ್ತೇನೆ. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಡೆವ್‌ಟೂಲ್ಸ್. ಆಕ್ಸ್ ಕೊನೆಗೆ, ಕಣ್ತಪ್ಪಿದ ಸಣ್ಣಪುಟ್ಟದ್ದಕ್ಕೆ.

ಫೋಟೊಗಳದ್ದು ಬಾಕಿ ಇದೆ. ಎಲ್ಲದಕ್ಕೂ 'ಫೋಟೊ 1', 'ಫೋಟೊ 2' ಎಂದು ಆಲ್ಟ್ (ಫೋಟೊ ಕಾಣದವರಿಗೆ ಓದಿ ಹೇಳುವ ವಿವರಣೆ) ಕೊಟ್ಟಿದ್ದೆ, ಟೂಲ್‌ಗೆ ಅಷ್ಟೇ ಸಾಕಾಗಿತ್ತು. ಒಂದೊಂದಕ್ಕೂ ಒಂದು ಸಾಲು ಬರೆದು ಕಳಿಸಿ ಅಂದರೆ ಅಕ್ಕ, "ಗದ್ದೆ ನಾಟಿ ಮುಗೀಲಿ ಮಾರಾಯ" ಅಂದಿದ್ದಾರೆ.